ಎರಡರಲ್ಲಿ ಒಂದು

ಘಾಟ್‌ಕೋಪರ್‌ನಲ್ಲಿ ಲೋಕಲ್ ಇಳಿದು ಅಂಧೇರಿಯ ಮೆಟ್ರೊ ಹತ್ತುವ ಹೊತ್ತಿಗೆ ತಾನು ಮಾಡಿದ ತಪ್ಪು ಯಾವುದೆಂಬುದು ರಾಧಿಕಾಳಿಗೆ ಸ್ಪಷ್ಟವಾಗಿತ್ತು. ಕಾಲೇಜಿನವರು ಕರೆದಿರುವುದು ಆ ತಪ್ಪಿಗಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಬಾಗಿಲ ಪಕ್ಕದ ಕಂಬಿಗೆ ಒರಗಿ ಅವಳು ಮೊಬೈಲಿನಲ್ಲಿ ಕಾಲೇಜಿನ ಇ-ಮೇಲನ್ನು ಮತ್ತೆ ತೆರೆದಳು. ಪರೀಕ್ಷಿಸಿದಾಗ ನಿಮ್ಮ ಪ್ರಬಂಧದ ಬಹುಭಾಗ ಯಂತ್ರ ಬರೆದದ್ದೆಂದು ಕಂಡುಬಂದಿದೆ, ಮಧ್ಯಾಹ್ನ ವೈಸ್ ಪ್ರಿನ್ಸಿಪಾಲರ ಕೋಣೆಗೆ ಬರತಕ್ಕದ್ದು. ಹೆಸರಿನ ಜಾಗದಲ್ಲಿ ಬರೀ ರೋಲ್ ನಂಬರ್. ಕುತ್ತಿಗೆಗೆ ಯಾವುದೋ ಕಂಪನಿಯ ಗುರುತಿನ ಚೀಟಿ ತೂಗುಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ ಹೆಂಗಸು ಓರೆಗಣ್ಣಿನಲ್ಲಿ ಓದುತ್ತಿದ್ದಾಳೆ ಅನ್ನಿಸಿ ರಾಧಿಕಾ ಮೊಬೈಲನ್ನು ಎದೆಗೆ ಒತ್ತಿಕೊಂಡಳು. ಮರುಕ್ಷಣವೇ, ಓದಿದರೆ ಓದಲಿ ಎಂದು ಮತ್ತೆ ತೆರೆದು ಹಿಡಿದಳು. ಕಳ್ಳಿಯ ಹಾಗೆ ಮುಚ್ಚಿಟ್ಟುಕೊಳ್ಳುವುದಕ್ಕೆ ಏನಿದೆ? ಕೆಳಗೆ ಸಾಕಿನಾಕಾದ ತಗಡಿನ ಛಾವಣಿಗಳು, ಅವುಗಳ ಮೇಲಿನ ನೀಲಿ ಪ್ಲಾಸ್ಟಿಕ್ಕು, ಒಣಹಾಕಿದ ಯೂನಿಫಾರ್ಮುಗಳು ಜಾರಿಹೋಗುತ್ತಿದ್ದವು. ಯಂತ್ರ ಬರೆದದ್ದು. ಅಲ್ಲ, ಯಂತ್ರ ಬರೆದಿರಲಿಲ್ಲ, ಬರೆದವಳು ತಾನೇ. ಆದರೆ ಯಂತ್ರ ಹೇಳಿದ್ದಕ್ಕೆಲ್ಲ ಹೂಂ ಎಂದವಳೂ ತಾನೇ. ಪ್ರತಿಯೊಂದು ಹೂಂಗೂ ಬೆರಳು ಒತ್ತಿದವಳು.

ಬಿ.ಎ. ಎರಡನೆಯ ವರ್ಷದ ಇಂಗ್ಲಿಷ್ ತರಗತಿಗೆ ಕಾಲೇಜು ಈ ವರ್ಷ ಹೊಸದೊಂದು ಸಾಫ್ಟ್‌ವೇರ್ ತಂದಿತ್ತು. ಬರೆದ ಪ್ರಬಂಧವನ್ನು ಅದರೊಳಗೆ ಹಾಕಿದರೆ ಅದು ಸಾಲುಸಾಲಿಗೂ ಬಣ್ಣದ ಗೆರೆ ಎಳೆದು, ಪಕ್ಕದಲ್ಲಿ ಸಲಹೆ ಬರೆದು, ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ ತೋರಿಸುತ್ತಿತ್ತು. ಎಂಬತ್ತು ದಾಟುವವರೆಗೆ ಸಬ್ಮಿಟ್ ಗುಂಡಿ ಬೂದು ಬಣ್ಣದಲ್ಲೇ ಸತ್ತು ಬಿದ್ದಿರುತ್ತಿತ್ತು. ದಾಟಿದರೆ ಹಸಿರಾಗಿ, ಪ್ರಬಂಧ ರೂಪಾಲಿ ಮ್ಯಾಡಮ್ ಕೈಗೆ ಹೋಗುತ್ತಿತ್ತು. ಕೇಳದಿದ್ದರೂ ಬುದ್ಧಿ ಹೇಳುವ ಪಕ್ಕದ ಮನೆಯ ಚಿಕ್ಕಮ್ಮನ ಹಾಗಿದೆ ಎಂದು ಹುಡುಗರು ಅದಕ್ಕೆ ಕಾಕೂ ಎಂದು ಹೆಸರಿಟ್ಟಿದ್ದರು. ಕಾಕೂಗೆ ಸಿಟ್ಟು ಬಂದಿದೆ, ಕಾಕೂ ಅರವತ್ತೊಂದು ಕೊಟ್ಟಳು, ಕಾಕೂಗೆ ನನ್ನ ಅಪ್ಪ ಇಷ್ಟವಾಗಲಿಲ್ಲ. ‘ನಿನ್ನನ್ನು ರೂಪಿಸಿದ ವ್ಯಕ್ತಿ’ ಎಂಬ ವಿಷಯ ಕೊಟ್ಟಾಗ ಅರ್ಧ ತರಗತಿ ಅಪ್ಪಂದಿರ ಬಗ್ಗೆ ಬರೆಯಿತು. ರಾಧಿಕಾ ತನ್ನ ಅತ್ಯಾ ಚನ್ನವ್ವನ ಬಗ್ಗೆ ಬರೆದಳು. ಅಪ್ಪನ ಅಕ್ಕ ಅವಳು, ಅಥಣಿ ಕಡೆಯವಳು. ಅಮ್ಮನ ಕಾಯಿಲೆಯ ದಿನಗಳಲ್ಲಿ ಒಂದು ಟ್ರಂಕಿನೊಂದಿಗೆ ಕುರ್ಲಾದ ಮನೆಗೆ ಬಂದವಳು ತಿರುಗಿ ಹೋಗಿರಲಿಲ್ಲ. ಲೈಬ್ರರಿಯ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದಾಗ, ಯೋಚಿಸುವ ಮೊದಲೇ, ಮೂರು ವಾಕ್ಯ ತಾವಾಗಿ ಬಂದಿದ್ದವು. ಅಮ್ಮ ಸತ್ತ ದಿನ ಅತ್ಯಾ ಎರಡು ವಡಾಪಾವ್ ತಿಂದಳು, ನನಗೂ ಒಂದು ತಿನ್ನಿಸಿದಳು. ಅದಕ್ಕಾಗಿ ನಾನು ಅವಳನ್ನು ಕ್ಷಮಿಸಿಲ್ಲ. ಅದಕ್ಕಾಗಿಯೇ ಅವಳ ಋಣ ನನ್ನ ಮೇಲಿದೆ. ಬರೆದು ಮುಗಿಸಿದಾಗ ಕಿವಿ ಬಿಸಿಯಾಗಿತ್ತು. ಯಾರಾದರೂ ನೋಡಿದರೇನೋ ಎಂದು ಹಿಂದೆ ತಿರುಗಿದ್ದಳು. ಯಾರೂ ಇರಲಿಲ್ಲ, ಫ್ಯಾನು ತಿರುಗುತ್ತಿತ್ತು.

ಕಾಕೂ ಆ ಮೂರೂ ವಾಕ್ಯಗಳಿಗೆ ಕೆಂಪು ಗೆರೆ ಎಳೆದಳು. ವಡಾಪಾವ್ ಎಂಬುದು ಸ್ಥಳೀಯ ಪದ, ಓದುಗರಿಗೆ ತಿಳಿಯದೆ ಹೋಗಬಹುದು. ‘ಸರಳ ಊಟ’ ಎನ್ನಬಹುದೇ? ಕ್ಷಮಿಸದಿರುವುದು ಮತ್ತು ಋಣ, ಇಲ್ಲಿ ಪರಸ್ಪರ ವಿರುದ್ಧವಾದ ಎರಡು ಭಾವನೆಗಳಿವೆ. ಸ್ಪಷ್ಟತೆಗಾಗಿ ಎರಡರಲ್ಲಿ ಒಂದನ್ನು ಆರಿಸಿ. ರಾಧಿಕಾ ನಕ್ಕಿದ್ದಳು. ಮುಂಬಯಿಯಲ್ಲಿ ಕೂತು ವಡಾಪಾವ್ ತಿಳಿಯದ ಆ ಓದುಗ ಯಾರಿರಬಹುದು ಎಂದು ತರಗತಿಯಲ್ಲಿ ಪಕ್ಕ ಕೂರುವ ಅನಿಕೇತ್‌ಗೆ ತೋರಿಸಿ ನಗಿಸಿದ್ದಳು. ಆಮೇಲೆ, ಬರೀ ನೋಡೋಣ ಎಂದು, ವಡಾಪಾವ್ ತೆಗೆದು ಸರಳ ಊಟ ಎಂದು ಹಾಕಿದಳು. ಅಂಕ ಏರಿತು. ಅಂಕ ಏರಿದಾಗ ಎದೆಯಲ್ಲಿ ಏನೋ ಸಣ್ಣಗೆ ಕುಣಿಯಿತು, ಅದೇ ಈಗ ನೆನೆದರೆ ಹೇಸಿಗೆ. ಕ್ಷಮೆಯ ಮಾತು ತೆಗೆದಳು. ಋಣದ ಮಾತು ಉಳಿಸಿದಳು. ಕ್ಷಮಿಸದ ಹುಡುಗಿಯನ್ನು ಯಾರು ಇಷ್ಟಪಡುತ್ತಾರೆ? ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಗದದೊಳಗಿನ ಹಸಿಮೆಣಸಿನಕಾಯಿಯನ್ನು ಕಚ್ಚುತ್ತ ಕೂತಿದ್ದ ಚನ್ನವ್ವ ಮೊದಲು ಮೆಣಸಿನಕಾಯಿಯನ್ನು ಕಳೆದುಕೊಂಡಳು, ಆಮೇಲೆ ಗಲ್ಲಕ್ಕೆ ಮೆತ್ತಿದ್ದ ಚಟ್ನಿಯನ್ನು, ಆಮೇಲೆ ‘ತಿನ್ನು, ಅತ್ತರ ಹೊಟ್ಟಿ ತುಂಬೂದಿಲ್ಲ’ ಎಂದ ಮಾತನ್ನು. ಅದರ ಜಾಗದಲ್ಲಿ ಕಾಕೂ ಹೇಳಿಕೊಟ್ಟ ಹಾಗೆ, ಕಷ್ಟಗಳನ್ನು ಧೈರ್ಯದಿಂದ ಎದುರಿಸುವುದನ್ನು ಅವಳಿಂದ ಕಲಿತೆ ಎಂದು ಬಂತು. ಗುಂಡಿ ಹಸಿರಾದ ಮೇಲೂ ರಾಧಿಕಾ ನಿಲ್ಲಿಸಲಿಲ್ಲ. ಅದೇ ಅವಳಿಗೆ ಈಗ ಅರ್ಥವಾಗದ್ದು. ಎಂಬತ್ತು ಸಾಕಿತ್ತು, ಅವಳು ತೊಂಬತ್ತೊಂದರವರೆಗೆ ಹೋದಳು, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ಓಡುವವಳ ಹಾಗೆ.

ತನ್ನ ಬಗ್ಗೆ ಹುಡುಗಿ ಏನೋ ಬರೆದಿದ್ದಾಳೆ ಎಂದು ಚನ್ನವ್ವನಿಗೆ ಹೇಗೋ ಗೊತ್ತಾಗಿ, ಓದಿ ಹೇಳು ಎಂದು ಗಂಟುಬಿದ್ದಿದ್ದಳು. ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕರ್ ವಿಷಯಕ್ಕೆ ಜಗಳವಾಡಿ ಆಗಷ್ಟೇ ಮೇಲೆ ಬಂದಿದ್ದಳು, ಮುಖದಲ್ಲಿ ಗೆದ್ದ ಕಳೆ. ಸೆಕ್ರೆಟರಿ ಅವಳ ದನಿ ಕೇಳಿದರೆ ಲಿಫ್ಟಿನಿಂದ ಇಳಿಯುವುದಿಲ್ಲ ಎಂದು ಮಾತಿತ್ತು. ರಾಧಿಕಾ ಇಂಗ್ಲಿಷಿನಿಂದ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಎಳೆದು ತಂದಳು. ಅವಳ ಕನ್ನಡ ಮನೆಯೊಳಗಿನದು, ಅರ್ಧ ಹಿಂದಿಯದು. ಧೈರ್ಯಕ್ಕೆ ಹಿಮ್ಮತ್ ಎಂದಳು, ಪ್ರೇರಣೆಗೆ ಏನೂ ಸಿಗದೆ ಇನ್‌ಸ್ಪಿರೇಶನ್ ಎಂದೇ ಬಿಟ್ಟಳು. ಚನ್ನವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೊನೆಯವರೆಗೂ ಕೇಳಿದಳು.

“ಚಂದ ಐತಿ. ಯಾರವಾ ಈಕಿ?” ಎಂದಳು.

“ನೀನೇ ಅತ್ಯಾ.”

“ನಾ ಅಲ್ಲ ತಗಿ. ಈಕಿ ಯಾರೋ ಬಾಳ ಛಲೋ ಹೆಣಮಗಳು.” ಅದರಲ್ಲಿ ಕೊಂಕಿರಲಿಲ್ಲ. ತನ್ನದಲ್ಲದ ಪಾರ್ಸೆಲ್ಲನ್ನು ಬಾಗಿಲಿನಿಂದಲೇ ತಿರುಗಿ ಕಳಿಸುವಂತೆ ಹೇಳಿ, ಕುಕ್ಕರಿನ ಕಡೆ ಹೋದಳು. ರಾಧಿಕಾ ಮೊಬೈಲು ಹಿಡಿದುಕೊಂಡು ಅಲ್ಲೇ ನಿಂತಳು. ಆ ದಿನದಿಂದ ಅವಳನ್ನು ಕಾಡುತ್ತಿದ್ದದ್ದು ಆ ಮಾತೇ, ಮೇಲ್ ಬರುವುದಕ್ಕೆ ಎಷ್ಟೋ ಮೊದಲು.

ವೈಸ್ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನಲ್ಲಿ ಅನಿಕೇತ್ ಕೂತಿದ್ದ. ಅವನನ್ನೂ ಕರೆದಿದ್ದರು. ಅವನು ಒಳಗೆ ಹೋಗಿ, ಬೆವರು ಆರುವಷ್ಟರಲ್ಲಿ ಹೊರಗೆ ಬಂದು, ಸೈನ್ ಕರ್ ದೇ ಯಾರ್, ಒಂದು ಕಾಗದ, ತಪ್ಪಾಯ್ತು ಎಂದು ಬರೆದಿದೆ, ಮತ್ತೆ ಬರೆದು ಕೊಟ್ಟರೆ ಪಾಸ್ ಮಾಡುತ್ತಾರಂತೆ ಎಂದು ಹಿಂದಿಯಲ್ಲಿ ಪಿಸುಗುಟ್ಟಿ ಕ್ಯಾಂಟೀನಿನ ಕಡೆ ನಡೆದ. ಅವನ ಬೆನ್ನಿನ ಹಗುರ ಕಂಡು ಅವಳಿಗೆ ಹೊಟ್ಟೆಕಿಚ್ಚಾಯಿತು. ಬ್ಯಾಗು ಹೊರಗಿಡು ಎಂದ ಪ್ಯೂನ್. ಒಳಗಿನಿಂದ ಹೆಸರು ಕರೆದರು. ರಾಧಿಕಾ ಪಾದಗಟ್ಟಿ. ಹಿಂದಿಯವರ ಬಾಯಲ್ಲಿ ಆ ಅಡ್ಡಹೆಸರಿನ ಮೊದಲ ಎರಡು ಅಕ್ಷರಕ್ಕೆ ಹೂಸು ಎಂಬ ಹೊಲಸು ಅರ್ಥ ಬರುತ್ತದೆ. ಐದನೆಯ ಕ್ಲಾಸಿನಿಂದಲೂ ಹಾಜರಿ ಕೂಗುವಾಗ ಹಿಂದಿನ ಬೆಂಚುಗಳಲ್ಲಿ ಆ ಕಿಸಿಕಿಸಿ ಇದ್ದೇ ಇತ್ತು, ಈಗ ಪ್ಯೂನಿನ ಮೀಸೆಯ ಕೆಳಗೂ ಅದರ ನೆರಳು ಹಾದುಹೋಯಿತು. ಯಾವಾಗಲೂ ತಲೆ ತಗ್ಗಿಸಿ ಯೆಸ್ ಸರ್ ಎನ್ನುತ್ತಿದ್ದವಳು ಇವತ್ತು ಬಾಗಿಲಲ್ಲೇ ನಿಂತು, “ಪಾದಗಟ್ಟಿ,” ಎಂದು ತಾನೂ ಒಮ್ಮೆ ದೊಡ್ಡದಾಗಿ ಹೇಳಿ ಒಳಗೆ ಹೋದಳು.

ಎ.ಸಿ.ಯಿಂದ ನೀರು ತೊಟ್ಟಿಕ್ಕಿ ಒಂದು ಕೆಂಪು ಬಕೆಟ್ಟಿಗೆ ಬೀಳುತ್ತಿತ್ತು. ಮೇಜಿನ ಆಚೆ ವೈಸ್ ಪ್ರಿನ್ಸಿಪಾಲ್ ಸರ್. ಪಕ್ಕದ ಕುರ್ಚಿಯಲ್ಲಿ ರೂಪಾಲಿ ಮ್ಯಾಡಮ್, ತರಗತಿಯಲ್ಲಿ ಕಾಣುವುದಕ್ಕಿಂತ ಚಿಕ್ಕವಳಾಗಿ, ತಾನೇ ವಿಚಾರಣೆಗೆ ಬಂದವಳಂತೆ ಮುದುಡಿ ಕೂತಿದ್ದಳು. ಅವಳ ಕೆಲಸ ವರ್ಷ ವರ್ಷವೂ ನವೀಕರಣವಾಗುವಂಥದ್ದು ಎಂದು ಹುಡುಗರೆಲ್ಲರಿಗೂ ಗೊತ್ತಿತ್ತು. ಮೇಜಿನ ಮೇಲೆ ಪ್ರಿಂಟ್ ತೆಗೆದ ಪ್ರಬಂಧ, ಅದರ ತುಂಬ ಹಳದಿ ಗುರುತುಗಳು. ಒಂದು ಸಾಫ್ಟ್‌ವೇರ್ ತಿದ್ದಿಸಿದ್ದನ್ನು ಇನ್ನೊಂದು ಸಾಫ್ಟ್‌ವೇರ್ ಹಿಡಿದುಕೊಟ್ಟಿತ್ತು.

“ನೋಡಮ್ಮಾ,” ಎಂದರು ಸರ್, ಇಂಗ್ಲಿಷಿನಲ್ಲಿ, ದಯೆಯಿಂದಲೇ. “ನಿನ್ನನ್ನು ಶಿಕ್ಷಿಸುವುದು ನಮ್ಮ ಉದ್ದೇಶವಲ್ಲ. ಇದರಲ್ಲಿ ಸಹಿ ಹಾಕು. ಮತ್ತೆ ಬರಿ. ಮುಗಿಯಿತು.”

ಅವಳು ಕಾಗದ ಓದಿದಳು. ನಾನು ಯಂತ್ರದಿಂದ ಬರೆಸಿ ನನ್ನದೆಂದು ಸಲ್ಲಿಸಿದ್ದೇನೆ, ವಿಷಾದಿಸುತ್ತೇನೆ. “ಸರ್, ನಾನು ಬರೆಸಿಲ್ಲ. ಕಾಲೇಜು ಕೊಟ್ಟ ಸಾಫ್ಟ್‌ವೇರ್ ಹೇಳಿದ ಹಾಗೆ ತಿದ್ದಿದೆ. ಎಂಬತ್ತು ಬರದಿದ್ದರೆ ಸಬ್ಮಿಟ್ ಆಗುವುದಿಲ್ಲ.”

“ಸಲಹೆ ಇರುವುದು ಕಲಿಯುವುದಕ್ಕೆ. ಎಲ್ಲವನ್ನೂ ಹಾಗೇ ಒಪ್ಪಿಕೊಳ್ಳುವುದಕ್ಕಲ್ಲ.”

“ಹಾಗಾದರೆ ಎಷ್ಟು ಒಪ್ಪಿಕೊಳ್ಳಬಹುದು ಸರ್?”

ಕೇಳಿದ್ದು ನಿಜವಾಗಿ ತಿಳಿದುಕೊಳ್ಳಲೆಂದೇ. ಆದರೆ ಮಾತು ಹೊರಗೆ ಬಿದ್ದ ಕೂಡಲೇ ಅದು ಉದ್ಧಟತನದಂತೆ ಕೇಳಿಸಿತು, ಕೇಳಿಸಿದ್ದಕ್ಕೆ ಅವಳಿಗೆ ಬೇಸರವೂ ಆಗಲಿಲ್ಲ. ಸರ್ ಕನ್ನಡಕ ತೆಗೆದು ಇಟ್ಟರು. ರೂಪಾಲಿ ಮ್ಯಾಡಮ್ ಬಕೆಟ್ಟನ್ನು ನೋಡುತ್ತಿದ್ದಳು. “ಒಂದೇ ಪ್ರಶ್ನೆ,” ಎಂದರು ಸರ್. “ಹೌದು ಅಥವಾ ಇಲ್ಲ ಅನ್ನು. ಇದು ನಿನ್ನ ಬರಹವೇ?”

ಹಳದಿ ಹಾಳೆಯ ಮೇಲೆ ಅವಳ ಕಣ್ಣು ಓಡಿತು. ಸರಳ ಊಟ. ಧೈರ್ಯ. ಯಾರೋ ಬಾಳ ಛಲೋ ಹೆಣಮಗಳು. ಹೌದು ಎಂದರೆ ಹಾಳೆಯಲ್ಲಿರುವ ಆ ಹೆಂಗಸಿಗೆ ನಾನು ತಾಯಿಯಾಗುತ್ತೇನೆ. ಇಲ್ಲ ಎಂದರೆ ಕಳ್ಳಿಯಾಗುತ್ತೇನೆ. ಎರಡೂ ಸುಳ್ಳು, ಮತ್ತು ಎರಡರಲ್ಲಿ ಒಂದನ್ನು ಆರಿಸು ಎಂದು ಮತ್ತೆ ಯಾರೋ ಹೇಳುತ್ತಿದ್ದಾರೆ, ಈ ಸಲ ಬಿಳಿ ಶರ್ಟು ತೊಟ್ಟು. ಅವಳೊಳಗೆ ಗಟ್ಟಿಯಾದ, ಹೆಚ್ಚುಕಡಿಮೆ ಹಿತವೇ ಆದ ಒಂದು ಹಟ ಬಂದು ಕೂತಿತು.

“ಬರೆದದ್ದು ನಾನೇ ಸರ್. ಆದರೆ ಇದು ಕೆಟ್ಟ ಬರಹ. ಇದರಲ್ಲಿರುವುದು ಸುಳ್ಳು. ನಮ್ಮ ಅತ್ಯಾ ಹೀಗಿಲ್ಲ. ಅದಕ್ಕೆ ಸೊನ್ನೆ ಕೊಡಿ, ತೆಗೆದುಕೊಳ್ಳುತ್ತೇನೆ. ಇದಕ್ಕೆ ಸಹಿ ಹಾಕುವುದಿಲ್ಲ.”

“ಹಾಗೆ ಸೊನ್ನೆ ಕೊಡಲು ಬರುವುದಿಲ್ಲ.”

“ಯಾಕೆ ಸರ್?”

“ನಿಯಮ ಇಲ್ಲ,” ಎಂದರು ಸರ್. ಎಂದ ಮೇಲೆ ಅವರಿಗೇ ಆ ಉತ್ತರ ವಿಚಿತ್ರವಾಗಿ ಕೇಳಿಸಿರಬೇಕು, ಮ್ಯಾಡಮ್ ಕಡೆ ತಿರುಗಿದರು. ರೂಪಾಲಿ ಮ್ಯಾಡಮ್ ಮೆಲ್ಲಗೆ, “ರಾಧಿಕಾ, ಎಟಿಕೆಟಿ ಆಗುತ್ತೆ. ಈ ಪೇಪರ್ ಬಾಕಿ ಉಳಿದು ಮುಂದಿನ ವರ್ಷ ಮತ್ತೆ ಕಟ್ಟಬೇಕು. ಯೋಚನೆ ಮಾಡು,” ಎಂದಳು. ಆ ದನಿಯಲ್ಲಿ ಬೇಡಿಕೆ ಇತ್ತು. ಸುಮ್ಮನೆ ಸಹಿ ಹಾಕಿ ನನ್ನನ್ನೂ ಈ ಕೋಣೆಯಿಂದ ಬಿಡಿಸು ಎಂಬಂತೆ. ರಾಧಿಕಾಳಿಗೆ ಅವಳ ಮೇಲೆ ಕನಿಕರವಾಯಿತು, ಆದರೂ ಕಾಗದವನ್ನು ಮೇಜಿನ ಮೇಲೆ ತಿರುಗಿಸಿ, ಅಕ್ಷರಗಳು ಅವರ ಕಡೆ ಮುಖ ಮಾಡುವಂತೆ ನೂಕಿ, ಎದ್ದಳು. ಬಾಗಿಲು ಎಳೆಯುವಾಗ ಕೈ ಬೆವತು ಹಿಡಿಕೆ ಜಾರಿತು. ಎರಡನೆಯ ಸಲ ಎಳೆಯಬೇಕಾಯಿತು. ಹೀರೋಯಿನ್ನಿನ ಹಾಗೆ ಹೊರಗೆ ಬರಲು ಅದೂ ಬಿಡಲಿಲ್ಲ.

ಅಪ್ಪ ಶೆಟ್ಟೆಪ್ಪ ಮಸ್ಜಿದ್ ಬಂದರಿನ ಆಫೀಸಿನಿಂದ ಬಂದು ಚಹಾ ಕುಡಿಯುತ್ತಿದ್ದಾಗ ಅವಳು ವಿಷಯ ಹೇಳಿದಳು. ಅಪ್ಪ ಸಿಟ್ಟು ಮಾಡುವವನಲ್ಲ, ಕಪ್ಪು ಕೆಳಗಿಟ್ಟು, “ಒಂದ ವರ್ಷ ಅಂದ್ರ ಸಣ್ಣದೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಲ್ಕನಿಗೆ ಹೋಗಿ ನಿಂತ. ಅವನ ಬೆನ್ನು ನೋಡುತ್ತ ಅವಳಿಗೆ ಅಳು ಬಂತು, ತಡೆದುಕೊಂಡಳು. ದಾರಿಯುದ್ದಕ್ಕೂ ಅವಳು ನೆಚ್ಚಿಕೊಂಡು ಬಂದದ್ದು ಅತ್ಯಾಳನ್ನು. ಸೆಕ್ರೆಟರಿಯನ್ನು ಲಿಫ್ಟಿನಲ್ಲೇ ಕೂಡಿಹಾಕುವವಳು, ಯಾರಿಗೂ ಬಗ್ಗದವಳು, ಶಾಬಾಸ್ ಮಗಳ ಎನ್ನುತ್ತಾಳೆ ಎಂದುಕೊಂಡಿದ್ದಳು. ಚನ್ನವ್ವ ಬೆಳ್ಳುಳ್ಳಿ ಸುಲಿಯುತ್ತ ತಲೆ ಎತ್ತದೆ ಹೇಳಿದಳು:

“ಸಹಿ ಹಾಕಿ ಬರಬೇಕಿತ್ತು.”

“ಅತ್ಯಾ?”

“ಒಂದ ಸಹಿ. ಏನ ಹೋಗತಿತ್ತು? ನಾ ಎಂಥೆಂಥಾದಕ್ಕ ಹೆಬ್ಬೆಟ್ಟ ಒತ್ತೇನಿ. ಗಂಡನ ಮನಿ ಬಿಟ್ಟ ಬರುವಾಗ ಆಕಿದ ತಪ್ಪ ಐತಿ ಅಂತ ಪಂಚರು ಬರದ್ರು, ಅದಕ್ಕೂ ಒತ್ತಿದೆ. ಒತ್ತಿದ್ದಕ್ಕ ಹೊರಗ ಬಂದೆ.”

“ನೀನು ಸೊಸೈಟಿಯವರ ಕಾಗಜ್‌ಗೆ ಮಾಡ್ತೀಯಾ ಸೈನ್?”

“ಅದು ನೀರಿಂದು. ಬ್ಯಾರೆ.”

“ಏನು ಬೇರೆ? ಇದೂ ಬೇರೆ ಅಲ್ಲ.” ದನಿ ಏರಿತು, ಕನ್ನಡ ಕೈಕೊಟ್ಟಿತು. “ಮೈನೇ ಚೋರಿ ನಹೀಂ ಕೀ, ಅತ್ಯಾ. ಮಾಡಿಲ್ಲದ್ದಕ್ಕೆ ನಾನು ಸಾರಿ ಯಾಕೆ ಹೇಳಲಿ? ನಾನು ಮಾಡಿದ್ದು ಬೇರೆ. ನಿನ್ನ ಬಗ್ಗೆ ಝೂಟ್ ಬರೆದೆ. ಮೊದಲು ಬರೆದದ್ದು ಸಚ್ ಇತ್ತು, ಅದನ್ನು ತೆಗೆದೆ.”

“ಏನ ಬರದಿದ್ದಿ ಮೊದಲ?”

ಅಪ್ಪ ಬಾಲ್ಕನಿಯಲ್ಲಿ ತಿರುಗಿ ನಿಂತದ್ದು ಅವಳಿಗೆ ಗೊತ್ತಾಯಿತು. ಕ್ಷಮೆ ಎಂಬ ಪದ ಪುಸ್ತಕದ್ದು, ಬಾಯಿಗೆ ಬರಲಿಲ್ಲ. “ಮಮ್ಮಿ ಹೋದ ದಿನ ನೀನು ಹಾಸ್ಪಿಟಲ್‌ನಲ್ಲಿ ವಡಾಪಾವ್ ತಿಂದೆ. ಎರಡು. ಅದಕ್ಕೆ ನಿನಗೆ ನಾನು ಮಾಫ್ ಮಾಡಿಲ್ಲ.” ಹೇಳಿದ ಮೇಲೆ ಕೋಣೆ ಇದ್ದಲ್ಲೇ ಇತ್ತು, ಕೆಳಗೆ ರಿಕ್ಷಾದವನೊಬ್ಬ ಹಾರ್ನ್ ಹೊಡೆಯುತ್ತಿದ್ದ. “ಮತ್ತೆ ನನಗೂ ತಿನ್ನಿಸಿದೆ. ನೀನು ಇಲ್ಲ ಅಂದ್ರೆ ನಾನು, ಮತ್ತೆ ಅಪ್ಪ...” ಮುಂದಿನದಕ್ಕೆ ಪದವಿರಲಿಲ್ಲ. ಕೈಯಿಂದ ಏನೋ ಬೀಳುವಂತೆ ಸನ್ನೆ ಮಾಡಿದಳು. “ಅದೂ ಬರೆದಿದ್ದೆ. ಎರಡೂ.”

ಚನ್ನವ್ವ ಬೆಳ್ಳುಳ್ಳಿಯ ಸಿಪ್ಪೆಯನ್ನು ಊದಿ ಪಕ್ಕಕ್ಕೆ ಸರಿಸಿದಳು. ಮುಖದ ಮೇಲೆ ರಾಧಿಕಾ ಎಂದೂ ಕಾಣದ ನಾಚಿಕೆಯಂಥದ್ದೊಂದು ಹರಡಿತು. ಅವಳು ಏನು ಹೇಳಬಹುದೆಂದು ಹುಡುಗಿ ಇಷ್ಟು ವರ್ಷ ಬಗೆಬಗೆಯಾಗಿ ಊಹಿಸಿದ್ದಳು. ನಿನಗೆ ಗಟ್ಟಿತನ ಕಲಿಸಲು ತಿಂದೆ ಎನ್ನಬಹುದು. ನಿಮ್ಮವ್ವನ ಮೇಲೆ ನನಗೆ ಪ್ರೀತಿ ಇರಲಿಲ್ಲ ಎನ್ನಬಹುದು. ಮೊದಲ ಬರಹದಲ್ಲೂ ರಾಧಿಕಾ ಆ ಎರಡರ ನಡುವೆಯೇ ಎಲ್ಲೋ ನಿಂತಿದ್ದಳು.

“ನನಗ ಹಸಿವಾಗಿತ್ತು,” ಎಂದಳು ಚನ್ನವ್ವ.

ಸುಲಿದ ಎಸಳನ್ನು ತಟ್ಟೆಗೆ ಹಾಕಿದಳು.

“ಆಕಿ ಕಡೀ ರಾತ್ರಿ ಬಾಳ ಒದ್ದಾಡಿದ್ಲು. ಹಿಂದಿನ ದಿನಾನೂ ಏನೂ ತಿಂದಿದ್ದಿಲ್ಲ ನಾ. ಆಕಿ ಹೋದ್ಲು, ಹೋದ ಕೂಡ್ಲೆ ನನಗ ಹಸಿವಿ ಆತು. ಅಂಥಾ ಹಸಿವಿ ನನ್ನ ಜನ್ಮದಾಗ ಆಗಿದ್ದಿಲ್ಲ. ಎಣ್ಣಿ ವಾಸನಿ ಬರತಿತ್ತು ಗೇಟಿನ ಕಡಿಂದ. ಒಂದರಾಗ ಹೊಟ್ಟಿ ತುಂಬಲಿಲ್ಲ, ಇನ್ನೊಂದ ತಿಂದೆ. ಒಬ್ಬಾಕಿನ ಹೆಂಗ ತಿನ್ನೂದು ಅಂತ ನಿನ್ನ ಕೈಯಾಗೂ ಕೊಟ್ಟೆ.” ಇನ್ನೊಂದು ಎಸಳು ಕೈಗೆತ್ತಿಕೊಂಡು, “ಮಾಫ್ ಮಾಡಬ್ಯಾಡ,” ಎಂದಳು, ಜಗಳದ ದನಿಯಲ್ಲಿ. “ನಾನೂ ಮಾಡಿಕೊಂಡಿಲ್ಲ.”

ಅಪ್ಪ ಒಳಗೆ ಬಂದು ಖಾಲಿ ಕಪ್ಪನ್ನು ಎತ್ತಿಕೊಂಡು ಹೋಗಿ ತಾನೇ ತೊಳೆಯತೊಡಗಿದ. ಬೇಕಾದ್ದಕ್ಕಿಂತ ಹೆಚ್ಚು ನೀರು ಬಿಟ್ಟ. ಚನ್ನವ್ವ ಅವನನ್ನೂ ಬೈಯಲಿಲ್ಲ. ರಾಧಿಕಾಳಿಗೆ ಅತ್ಯಾಳನ್ನು ಅಪ್ಪಿಕೊಳ್ಳಬೇಕು ಅನ್ನಿಸಲಿಲ್ಲ. ಅಂಥದ್ದು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಅನ್ನಿಸಿದ್ದು ಬೇರೆ: ಹಸಿವು ಎಂಬ ಪದ ತನ್ನ ಯಾವ ಬರಹದಲ್ಲೂ ಇರಲಿಲ್ಲ, ಮೊದಲನೆಯದರಲ್ಲೂ. ಕಾಕೂ ಕೆಡಿಸಿದಳು ಎಂದು ಕೂತಲ್ಲಿ ನಿಂತಲ್ಲಿ ಬೈದುಕೊಂಡಿದ್ದಳು. ಕಾಕೂ ಬರುವ ಮೊದಲೇ ತಾನೂ ಎದುರಿಗಿದ್ದವಳನ್ನು ಕೇಳದೆ, ಅವಳಿಗೊಂದು ದೊಡ್ಡ ಅರ್ಥ ಹೊಲಿದು ತೊಡಿಸಿದ್ದಳಲ್ಲ. ನಾಚಿಕೆಯಾಯಿತು. ಆದರೆ ಸಹಿ ಹಾಕುವಂಥ ನಾಚಿಕೆ ಅದಲ್ಲ ಎಂಬುದು ಮೊದಲಿಗಿಂತ ಈಗ ಹೆಚ್ಚು ಖಚಿತವಾಗಿತ್ತು.

“ನಾಳೆ ಹೋಗಿ ಸಹಿ ಹಾಕ್ತಿಯೋ ಇಲ್ಲೋ?” ಎಂದಳು ಚನ್ನವ್ವ, ಬೆಳ್ಳುಳ್ಳಿ ಜಜ್ಜುತ್ತ.

“ಇಲ್ಲ.”

“ನಿಮ್ಮವ್ವನ ಹಟ,” ಎಂದು ಚನ್ನವ್ವ ಇನ್ನಷ್ಟು ಜೋರಾಗಿ ಜಜ್ಜಿದಳು.

ಮುಂದಿನ ವಾರ ಫಲಿತಾಂಶದ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಇಂಗ್ಲಿಷಿಗೆ ಎಟಿಕೆಟಿ ಎಂದು ಬಂತು. ಅನಿಕೇತ್ ಪಾಸಾಗಿದ್ದ; ಅವನ ಎರಡನೆಯ ಪ್ರಬಂಧಕ್ಕೆ ಕಾಕೂ ಎಂಬತ್ತಾರು ಕೊಟ್ಟಳಂತೆ. ಅವನು ಪ್ರೀತಿಯಿಂದಲೇ, ನೀನು ಹುಚ್ಚಿ, ಎಂದ. ಇರಬಹುದು ಎಂದಳು. ಆ ದಿನ ಬೆಳಗಿನ ತರಗತಿಗೆ ಅವಳು ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ರೂಪಾಲಿ ಮ್ಯಾಡಮ್ ಒಳಗೆ ಬಂದು ಪುಸ್ತಕ, ನೀರಿನ ಬಾಟಲಿ, ಚೀಲ ಎಲ್ಲವನ್ನೂ ಮೇಜಿನ ಮೇಲಿಟ್ಟಾಗ ರಾಧಿಕಾ ಎದ್ದು ಹೋಗಿ ಪೆನ್ನಿನಲ್ಲಿ ಬರೆದ ಕೆಲವು ಹಾಳೆಗಳನ್ನು ಅಲ್ಲಿಟ್ಟಳು. ಇಂಗ್ಲಿಷು ಅವಳದೇ, ತಪ್ಪುಗಳಿದ್ದವು, ಗೊತ್ತಿದ್ದೂ ಕೆಲವನ್ನು ಬಿಟ್ಟಿದ್ದಳು. ಮೊದಲ ವಾಕ್ಯದಲ್ಲಿ ಒಬ್ಬ ಹೆಂಗಸಿಗೆ ವಿಪರೀತ ಹಸಿವಾಗಿತ್ತು.

ಮ್ಯಾಡಮ್ ಹಾಳೆಗಳನ್ನು ಮುಟ್ಟಲಿಲ್ಲ. “ಕೈಬರಹದ್ದು ತೆಗೆದುಕೊಳ್ಳುವ ಹಾಗಿಲ್ಲ ರಾಧಿಕಾ. ಪೋರ್ಟಲ್ ಮೂಲಕವೇ ಬರಬೇಕು.”

“ಅದರಲ್ಲಿ ಹಾಕಿ ನೋಡಿದೆ ಮ್ಯಾಡಮ್. ಮೂವತ್ತೆಂಟು ಬಂತು. ಗುಂಡಿ ಒತ್ತಲು ಬರುವುದಿಲ್ಲ.”

“ಮತ್ತೆ? ಇದಕ್ಕೆ ಮಾರ್ಕ್ಸ್ ಇಲ್ಲ.”

“ಗೊತ್ತು. ಮಾರ್ಕ್ಸಿಗೆ ಅಲ್ಲ. ನೀವು ವಿಷಯ ಕೊಟ್ಟಿದ್ದಿರಿ, ನಾನು ಬರೆದಿದ್ದೇನೆ.”

“ವಾಪಸ್ ತೆಗೆದುಕೋ. ಪ್ಲೀಸ್.”

“ಇಲ್ಲ ಮ್ಯಾಡಮ್. ನೀವು ತೆಗೆದುಕೊಳ್ಳದಿದ್ದರೂ ಪರವಾಗಿಲ್ಲ. ಇಲ್ಲೇ ಇರಲಿ.” ರಾಧಿಕಾ ತಿರುಗಿ ಬಂದು ತನ್ನ ಜಾಗದಲ್ಲಿ ಕೂತಳು. ಹಿಂದೆ ಯಾರೋ ಕಿಸಿಕಿಸಿ ನಕ್ಕರು, ಯಾವುದಕ್ಕೋ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಮ್ಯಾಡಮ್ ಪುಸ್ತಕ ತೆರೆದು, ಎಲ್ಲಿಗೆ ನಿಲ್ಲಿಸಿದ್ದೆವು ಎಂದು ತರಗತಿಯನ್ನು ಕೇಳಿ ಪಾಠ ಶುರುಮಾಡಿದಳು. ಸೆಕೆ ಎಂದು ಯಾರೋ ಫ್ಯಾನನ್ನು ಜೋರು ಮಾಡಿದರು. ಮೇಲಿನ ಹಾಳೆ ಅಂಚಿನಲ್ಲಿ ಎದ್ದು, ಬಿದ್ದು, ಮತ್ತೆ ಎದ್ದು ಮೇಜಿನ ತುದಿಗೆ ಸರಿಯಿತು. ರೂಪಾಲಿ ಮ್ಯಾಡಮ್ ಓದುತ್ತಿದ್ದ ವಾಕ್ಯವನ್ನು ನಿಲ್ಲಿಸದೆ, ಆ ಕಡೆ ನೋಡದೆ, ಎಡಗೈಯಿಂದ ನೀರಿನ ಬಾಟಲಿಯನ್ನು ಎತ್ತಿ ಹಾಳೆಗಳ ಮೇಲೆ ಇಟ್ಟಳು.